ಮಸೂರಿನ ಎತ್ತಿನಗಾಡಿ



ಮೊನ್ನೆ ಆಫೀಸಲ್ಲಿ ಊಟದ ಹೊತ್ತಿಗೆ ಒಬ್ಬರು ಗೊಣಗಿದರು: "ಫ್ರೀ ಬಸ್ಸು ಬಂದಮೇಲೆ ಕಂಡಕಂಡೋರೆಲ್ಲ ಹತ್ತಿಬಿಡ್ತಾರೆ ಕಣ್ರೀ." ಕಂಡಕಂಡೋರು ಅಂದ್ರೆ ಯಾರು ಸರ್ ಅಂತ ಕೇಳಿದೆ. ಡಬ್ಬಿ ಮುಚ್ಚಿಕೊಂಡು ಎದ್ದುಹೋದರು. ಅದಕ್ಕೇ ಈ ಹಳೇ ಕತೆ.

1901. ಬಾಲಕ ಭೀಮರಾವ್ ಮನೆಯ ಹುಡುಗರ ಜೊತೆ ಕೋರೆಗಾಂವ್‌ನಲ್ಲಿ ಕೆಲಸಕ್ಕಿದ್ದ ಅಪ್ಪನನ್ನು ನೋಡಲು ಹೊರಟಿದ್ದರು. ಮಸೂರು ಸ್ಟೇಷನ್ನಿನಲ್ಲಿ ಇಳಿದರು. ಮೈಮೇಲೆ ಹೊಸ ಬಟ್ಟೆ. ಸ್ಟೇಷನ್ ಮಾಸ್ತರರು ಮೊದಲು ಚೆನ್ನಾಗೇ ಮಾತಾಡಿಸಿದರು, ಮಹಾರರ ಮಕ್ಕಳು ಅಂತ ಗೊತ್ತಾದ ಕೂಡಲೇ ಮುಖ ಬದಲಾಯಿತು. ಎರಡು ಪಟ್ಟು ಬಾಡಿಗೆ ಕೊಡ್ತೀವಿ ಅಂದರೂ ಒಬ್ಬ ಗಾಡಿಯವನೂ ಒಪ್ಪಲಿಲ್ಲ. ಕೊನೆಗೆ ಆದ ಒಪ್ಪಂದ ನೋಡಿ: ದುಪ್ಪಟ್ಟು ಬಾಡಿಗೆಯೂ ಕೊಡಬೇಕು, ಗಾಡಿಯನ್ನೂ ಮಕ್ಕಳೇ ಹೊಡೀಬೇಕು, ಗಾಡಿಯವನು ಪಕ್ಕದಲ್ಲಿ ನಡೆದು ಬರ್ತಾನೆ! ದಾರಿಯಲ್ಲಿ ಆ ಮಕ್ಕಳಿಗೆ ಕುಡಿಯೋಕೆ ನೀರೂ ಸಿಗಲಿಲ್ಲ.

1929ಕ್ಕೆ ಬನ್ನಿ. ಆಗ ಬಾಬಾಸಾಹೇಬರು ಬ್ಯಾರಿಸ್ಟರ್, ಮುಂಬಯಿ ಸರ್ಕಾರದ ಸಮಿತಿಯ ಸದಸ್ಯರು. ಚಾಳೀಸ್‌ಗಾಂವ್‌ನಲ್ಲಿ ಟಾಂಗಾದವರು ಅವರನ್ನು ಕೂರಿಸಿಕೊಂಡು ಗಾಡಿ ಹೊಡೆಯಲು ಒಪ್ಪಲಿಲ್ಲ. ಬರೀ ಟಾಂಗಾ ಬಾಡಿಗೆಗೆ ಸಿಕ್ಕಿತು. ಹೊಡೆದು ಅಭ್ಯಾಸವೇ ಇಲ್ಲದ ನಮ್ಮವನೊಬ್ಬ ಲಗಾಮು ಹಿಡಿದ. ಸೇತುವೆ ಮೇಲೆ ಚಕ್ರ ಸಿಕ್ಕಿಹಾಕಿಕೊಂಡು ಬಾಬಾಸಾಹೇಬರು ಕಲ್ಲಿನ ಮೇಲೆ ಬಿದ್ದು ಕಾಲು ಮುರಿಯಿತು. ಡಿಗ್ರಿ, ಹುದ್ದೆ, ದುಡ್ಡು ಎಲ್ಲಾ ಇತ್ತು. ಒಂದು ಸವಾರಿ ಸಿಗಲಿಲ್ಲ.

ಬೆಂಗಳೂರಲ್ಲಿ 1940ರಲ್ಲಿ ಖಾಸಗಿ ಕಂಪನಿ ಶುರುಮಾಡಿದ ಸಿಟಿ ಬಸ್ಸನ್ನು 1956ರಲ್ಲಿ ಸರ್ಕಾರ ವಹಿಸಿಕೊಂಡಿತು. ನನಗದು ಬರೀ ಆಡಳಿತದ ವಿಷಯ ಅಲ್ಲ. ಸರ್ಕಾರಿ ಬಸ್ಸಲ್ಲಿ ಟಿಕೆಟ್ ತಗೊಂಡ್ರೆ ಯಾರ ಪಕ್ಕ ಬೇಕಾದ್ರೂ ಕೂರಬಹುದು, ಕಂಡಕ್ಟರು ಜಾತಿ ಕೇಳಂಗಿಲ್ಲ. ಆದರೆ ಟಿಕೆಟ್ಟಿಗೆ ದುಡ್ಡು ಬೇಕಲ್ಲ? 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದು ನಮ್ಮ ಹೆಣ್ಣುಮಕ್ಕಳಿಗೆ ಆ ಬಾಗಿಲು ತೆರೆಯಿತು. ಎಸಿ ಬಸ್ಸಲ್ಲಿ ಅದು ನಡೆಯಲ್ಲ, ಮೆಟ್ರೋದಲ್ಲೂ ಇಲ್ಲ. 2025ರ ಜನವರಿಯಲ್ಲಿ ಬಸ್ ದರ ಶೇ 15ರಷ್ಟು ಏರಿತು. ಮುಂದಿನ ತಿಂಗಳೇ ಮೆಟ್ರೋದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಹೋಯಿತು. ಗಾರೆ ಕೆಲಸಕ್ಕೆ ಹೋಗೋ ನಮ್ಮಣ್ಣ ದಿನಾ ಹೋಗಿಬರೋಕೆ ಅಷ್ಟು ಎಲ್ಲಿಂದ ತರಬೇಕು?

ನಮ್ಮ ಬೀದಿಯ ಅಕ್ಕನೊಬ್ಬಳು ಮನೆಗೆಲಸಕ್ಕೆ ಹೋಗ್ತಾಳೆ. ಬೆಳಗ್ಗೆ ಐದೂವರೆಗೇ ಸ್ಟಾಪಲ್ಲಿ ನಿಂತಿರ್ತಾಳೆ. ಟಿಕೆಟ್ ಫ್ರೀ, ಸರಿ. ಬಸ್ಸು ತುಂಬಿ ಬಂದು ಹತ್ತೋಕಾಗದ ದಿನ ಆಟೋಗೆ ಕೊಡೋದು ಅವಳ ಅರ್ಧ ಕೂಲಿ. ಬೆಳಗಿನ ಐದರಿಂದ ಏಳರೊಳಗೆ ಇನ್ನೆರಡು ಬಸ್ಸು ಬಿಡಿ ಅಂತ ಮನವಿ ಬರೆದು ಬೀದಿಯವರೆಲ್ಲ ಸಹಿ ಹಾಕಿದ್ದೀವಿ. ಸೋಮವಾರ ಕೊಡೋಕೆ ಹೋಗ್ತಿದ್ದೀವಿ. ನಾನು ಅರ್ಧ ದಿನ ರಜೆ ಹಾಕಿದ್ದೀನಿ. ಬರೋರು ಬನ್ನಿ.