ಬರ್ಕ್ಲಿ ಡಿಬಿ ಹಾಗೂ ಗ್ನೂ ಸಿ ಲೈಬ್ರರಿ: ಒಂದು ವಿಯೋಗದ ಇತಿಹಾಸ

ಗ್ನೂ ಸಿ ಲೈಬ್ರರಿಯ 2.2ನೆಯ ಆವೃತ್ತಿಯು 2000ನೆಯ ಇಸವಿಯ ನವೆಂಬರಿನಲ್ಲಿ ಹೊರಬಂದಾಗ, ಅದುವರೆಗೆ ಅದರ ಮಡಿಲಲ್ಲಿದ್ದ ಬರ್ಕ್ಲಿ ಡಿಬಿ ಎಂಬ ದತ್ತಸಂಚಯ ಲೈಬ್ರರಿ ಅದರಲ್ಲಿರಲಿಲ್ಲ. ಲಿನಕ್ಸ್ ಯಂತ್ರಗಳ ಬಹುಪಾಲು ಪ್ರೋಗ್ರಾಂಗಳು ಕಡತವನ್ನು ತೆರೆಯುವುದಕ್ಕೂ, ಸ್ಮೃತಿಯನ್ನು ಬೇಡುವುದಕ್ಕೂ, ಬಳಕೆದಾರನ ಹೆಸರನ್ನು ವಿಚಾರಿಸುವುದಕ್ಕೂ ಈ ಸಿ ಲೈಬ್ರರಿಯನ್ನೇ ಆಶ್ರಯಿಸುತ್ತವೆ. ಇಂತಹ ಮೂಲಭೂತ ಸಂಸ್ಥೆಯು ಮೂರು ವರ್ಷಕ್ಕೂ ಮಿಕ್ಕಿ ಹಂಚುತ್ತ ಬಂದ ಅಂಗವೊಂದನ್ನು ಕಡಿದುಹಾಕಿತೆಂದರೆ ಅದು ಹೊಣೆಗೇಡಿತನವೆಂದು ಮೇಲ್ನೋಟಕ್ಕೆ ತೋರುವುದು ಸಹಜ. ಆದರೆ ಘಟನೆಗಳ ಅನುಕ್ರಮವನ್ನು ಪರಿಶೀಲಿಸಿದರೆ ಬೇರೊಂದು ನಿರ್ಣಯಕ್ಕೆ ಬರಬೇಕಾಗುತ್ತದೆಂಬುದು ನಮ್ಮ ಅಭಿಪ್ರಾಯ.

ಈ ವಂಶದ ಮೂಲಪುರುಷ ಡಿಬಿಎಂ. 1979ರಲ್ಲಿ ಯೂನಿಕ್ಸಿನ ಏಳನೆಯ ಆವೃತ್ತಿಯೊಡನೆ ಬಂದ ಇದನ್ನು ರಚಿಸಿದವನು ಕೆನ್ ಥಾಂಪ್ಸನ್. ಒಂದು ಕೀಲಿಪದವನ್ನು ಕೊಟ್ಟರೆ ಅದಕ್ಕೆ ಸಂಬಂಧಿಸಿದ ದತ್ತವನ್ನು ತಂದುಕೊಡುವುದಷ್ಟೇ ಇದರ ಕೆಲಸ. ಅದರಲ್ಲಿಯೂ ಒಮ್ಮೆಗೆ ಒಂದೇ ಸಂಚಯವನ್ನು ತೆರೆಯಬಹುದಾಗಿತ್ತು. 1986ರ ಎನ್‌ಡಿಬಿಎಂ ಈ ಕೊರತೆಯನ್ನು ತುಂಬಿತು. ಎ.ಟಿ. ಅಂಡ್ ಟಿ. ಸಂಸ್ಥೆಯ ಸ್ವಾಮ್ಯಕ್ಕೆ ಒಳಪಟ್ಟ ಬರಹವನ್ನು ತಮ್ಮ ಯೂನಿಕ್ಸಿನಿಂದ ತೆಗೆದುಹಾಕುವ ಕಾರ್ಯದಲ್ಲಿ ತೊಡಗಿದ್ದ ಬರ್ಕ್ಲಿ ವಿಶ್ವವಿದ್ಯಾನಿಲಯದವರಿಗೆ ಸ್ವತಂತ್ರವಾದ ಬದಲಿಯೊಂದು ಅವಶ್ಯಕವಾಯಿತು. ಮಾರ್ಗೊ ಸೆಲ್ಟ್ಸರ್, ಕೀತ್ ಬಾಸ್ಟಿಕ್, ಮೈಕ್ ಓಲ್ಸನ್ ಮೊದಲಾದವರ ಶ್ರಮದಿಂದ 1990ರ ದಶಕದ ಆದಿಯಲ್ಲಿ ಬರ್ಕ್ಲಿ ಡಿಬಿ ರೂಪುಗೊಂಡಿತು. ಅದರ 1.85ನೆಯ ಆವೃತ್ತಿಯೇ ಬಹುಕಾಲ ನೆಲೆನಿಂತ ರೂಪ.

1996ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಬೇಡಿಕೆಯ ಫಲವಾಗಿ ಸ್ಲೀಪಿಕ್ಯಾಟ್ ಎಂಬ ಕಂಪನಿ ಹುಟ್ಟಿತು. ಮರುವರ್ಷವೇ 2.0 ಬಂದಿತು. ವ್ಯವಹಾರ ನಡೆಯುತ್ತಿರುವಾಗ ಯಂತ್ರ ಕೆಟ್ಟರೂ ದತ್ತವು ಕೆಡದಂತೆ ಕಾಯುವ ಶಕ್ತಿ ಅದಕ್ಕೆ ಬಂದಿತಾದರೂ ಅದಕ್ಕೆ ತೆತ್ತ ಬೆಲೆ ಕಡಿಮೆಯದಲ್ಲ. 1.85ರಲ್ಲಿ ‘ಡಿಬಿಓಪನ್’ ಎಂದು ಕರೆಯುತ್ತಿದ್ದ ದ್ವಾರವು 2ರಲ್ಲಿ ‘ಡಿಬಿ ಓಪನ್’ ಎಂಬ ಬೇರೆಯ ಹೆಸರನ್ನೂ ಬೇರೆಯ ವಾದಗಳನ್ನೂ ತಾಳಿತು, 1999ರ 3.0ರಲ್ಲಿ ಮೊದಲು ‘ಡಿಬಿ ಕ್ರಿಯೇಟ್’ ಮೂಲಕ ಹಿಡಿಯೊಂದನ್ನು ಪಡೆದು ಅನಂತರ ತೆರೆಯುವ ಕ್ರಮ ಬಂದಿತು. ಹಿಡಿಯೊಳಗೆ ಕಾರ್ಯಗಳ ವಿಳಾಸಗಳು ಯಾವ ಯಾವ ಸ್ಥಾನದಲ್ಲಿರುತ್ತವೆಂಬುದು ಕೂಡ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತಿತ್ತು. ಈ ಸ್ಥಾನಗಳು ಸಂಕಲನದ ಕಾಲದಲ್ಲಿಯೇ ಪ್ರೋಗ್ರಾಮಿನೊಳಗೆ ಅಚ್ಚಾಗಿ ಹೋಗುವುದರಿಂದ, ಲೈಬ್ರರಿ ಬದಲಾದಾಗಲೆಲ್ಲ ಪ್ರೋಗ್ರಾಮನ್ನು ಮರಳಿ ಸಂಕಲಿಸದೆ ಗತ್ಯಂತರವಿರಲಿಲ್ಲ.

ಇದಕ್ಕಿಂತಲೂ ಗಂಭೀರವಾದ ಬದಲಾವಣೆ ಕಡತದ ರೂಪದಲ್ಲಿ ಆಯಿತು. ಇತಿಹಾಸದ ವಿದ್ಯಾರ್ಥಿಗಳಿಗೆ ಇದು ವಿಶೇಷವಾಗಿ ರುಚಿಸಬಹುದಾದ ವಿಷಯ. ಬರ್ಕ್ಲಿ ಡಿಬಿಯ ಪ್ರತಿಯೊಂದು ಹ್ಯಾಷ್ ಕಡತದಲ್ಲಿಯೂ ಹದಿನಾರರ ಮೂಲಸಂಖ್ಯಾ ಪದ್ಧತಿಯಲ್ಲಿ 061561 ಎಂಬ ಗುರುತಿನ ಸಂಖ್ಯೆಯೂ, ಬಿ-ವೃಕ್ಷದ ಕಡತದಲ್ಲಿ 053162 ಎಂಬ ಸಂಖ್ಯೆಯೂ ಇರುತ್ತದೆ. ತಾಮ್ರಪಟದ ರಾಜಮುದ್ರೆಯಂತೆ ಇದು ಆ ಕಡತದ ಕುಲವನ್ನು ಸಾರುತ್ತದೆ. 1.85ರ ಕಡತದಲ್ಲಿ ಈ ಮುದ್ರೆ ಮೊಟ್ಟಮೊದಲ ಬೈಟಿನಿಂದಲೇ ಆರಂಭವಾಗುತ್ತದೆ. 2ನೆಯ ಸರಣಿಯಲ್ಲಿ ಅದೇ ಮುದ್ರೆ ಹನ್ನೆರಡು ಬೈಟುಗಳಷ್ಟು ಮುಂದಕ್ಕೆ ಸರಿದಿದೆ. ಮುಂದಿನ ಹನ್ನೆರಡು ಬೈಟುಗಳನ್ನು ಆಕ್ರಮಿಸಿದವು ಯಾವುವೆಂದರೆ, ದಿನಚರಿ ಕಡತದಲ್ಲಿ ಆ ಪುಟದ ಸ್ಥಾನವನ್ನು ಸೂಚಿಸುವ ಎಂಟು ಬೈಟುಗಳು ಮತ್ತು ಪುಟಸಂಖ್ಯೆಯ ನಾಲ್ಕು ಬೈಟುಗಳು. ಕೆಟ್ಟ ಯಂತ್ರದಿಂದ ದತ್ತವನ್ನು ಉಳಿಸುವ ಹೊಸ ಶಕ್ತಿಗೆ ಅವೇ ಆಧಾರ. ಅಂದರೆ ಯಾವ ಗುಣಕ್ಕಾಗಿ ಹೊಸ ಆವೃತ್ತಿ ಬೇಕಾಗಿತ್ತೋ ಆ ಗುಣವೇ ಹಳೆಯ ಕಡತವನ್ನು ಅಪರಿಚಿತವನ್ನಾಗಿಸಿತು. ಹಳೆಯ ಕರೆಗಳನ್ನು ಒಪ್ಪಿಕೊಳ್ಳುವ ಹೊಂದಾಣಿಕೆಯ ಹೆಡರೊಂದನ್ನು ಸ್ಲೀಪಿಕ್ಯಾಟಿನವರು ಕೊಟ್ಟಿದ್ದರು, ನಿಜ. ಅದರಿಂದ ಹಳೆಯ ಪ್ರೋಗ್ರಾಮನ್ನು ಹೊಸ ಲೈಬ್ರರಿಗೆ ಸಂಕಲಿಸಬಹುದಾಗಿತ್ತೇ ಹೊರತು ಹಳೆಯ ಕಡತವನ್ನು ಓದಲಾಗುತ್ತಿರಲಿಲ್ಲ. ಕಡತವನ್ನು ಪಠ್ಯರೂಪಕ್ಕೆ ಇಳಿಸಿ, ಮತ್ತೆ ಹೊಸ ರೂಪಕ್ಕೆ ಏರಿಸಬೇಕಾಗಿತ್ತು. ಭಾಷೆ ಒಂದೇ ಆಗಿದ್ದು ಲಿಪಿ ಬೇರೆಯಾದಂತೆ.

ಗ್ನೂ ಸಿ ಲೈಬ್ರರಿಯು 1997ರ 2.0ರಲ್ಲಿ 1.85ನ್ನು ಹೊಂದಿತ್ತು. 1999ರ ಫೆಬ್ರವರಿಯ 2.1ರಲ್ಲಿ 2ನೆಯ ಸರಣಿಯನ್ನು ಸ್ವೀಕರಿಸಿ, ಹಳೆಯದನ್ನು ‘ಡಿಬಿ1’ ಎಂಬ ಹೆಸರಿನಿಂದ ಪಕ್ಕದಲ್ಲಿರಿಸಿಕೊಂಡಿತು. ಹಳೆಯ ಲೈಬ್ರರಿಗೆ ಹಂಚಿಕೆಯ ಕ್ರಮಾಂಕ 2, ಹೊಸದಕ್ಕೆ 3. ಹೀಗಾಗಿ ಕ್ರಮಾಂಕ 2 ಇದ್ದದ್ದು ಡಿಬಿ ಒಂದನೆಯ ಸರಣಿಗೆ, ಕ್ರಮಾಂಕ 3 ಇದ್ದದ್ದು ಎರಡನೆಯ ಸರಣಿಗೆ! ನಿಜವಾದ ಮೂರನೆಯ ಸರಣಿ ಅದೇ ವರ್ಷ ಬಂದಾಗ ಉಂಟಾದ ಗೊಂದಲವನ್ನು ಊಹಿಸಬಹುದು. ರಾಜರ ಆಳ್ವಿಕೆಯ ವರ್ಷವನ್ನು ಶಕವರ್ಷವೆಂದು ತಿಳಿದು ಕಾಲನಿರ್ಣಯ ಮಾಡಿದವರ ಪಾಡು ಇದಕ್ಕಿಂತ ಭಿನ್ನವಲ್ಲ.

2.1ರಲ್ಲಿಯೇ ಈ ಲೈಬ್ರರಿಯು ಪ್ರತಿಯೊಂದು ಕಾರ್ಯದ ಹೆಸರಿಗೂ ಆವೃತ್ತಿಯ ಮುದ್ರೆಯೊತ್ತುವ ಪದ್ಧತಿಯನ್ನು ಜಾರಿಗೆ ತಂದಿತೆಂಬುದನ್ನು ಇಲ್ಲಿ ಗಮನಿಸಬೇಕು. ಹಳೆಯ ಪ್ರೋಗ್ರಾಮಿಗೆ ಹಳೆಯ ಕಾರ್ಯ, ಹೊಸದಕ್ಕೆ ಹೊಸದು. ಒಮ್ಮೆ ಕೊಟ್ಟ ಮಾತನ್ನು ಮುರಿಯುವಂತಿಲ್ಲ. ಸನ್ ಸಂಸ್ಥೆಯ ಸೊಲಾರಿಸಿನಲ್ಲಿದ್ದ ಕಲ್ಪನೆಯನ್ನು ವಿಸ್ತರಿಸಿ ರೂಪಿಸಿದ ಈ ಪದ್ಧತಿಯಲ್ಲಿ, ಆಗ ಲೈಬ್ರರಿಯ ಪ್ರಧಾನ ನಿರ್ವಾಹಕರಾಗಿದ್ದ ಉಲ್ರಿಕ್ ಡ್ರೆಪರ್ ಅವರ ಪಾತ್ರ ದೊಡ್ಡದು. ಸ್ವಂತ ಕಾರ್ಯಗಳ ವಿಷಯದಲ್ಲಿ ಈ ವಾಗ್ದಾನ ಸಾಧ್ಯ. ಆದರೆ ಹೊರಗಿನವರು ಬರೆಯುವ, ಅವರ ಇಚ್ಛೆಯಂತೆ ಬದಲಾಗುವ ದತ್ತಸಂಚಯದ ಪರವಾಗಿ ಅದೇ ಮಾತನ್ನು ಕೊಡಬೇಕಾದರೆ, ಅದರ ಪ್ರತಿಯೊಂದು ಹಳೆಯ ಅವತಾರವನ್ನೂ ಇಡಿಯಾಗಿ ಎಂದೆಂದಿಗೂ ಸಾಕಬೇಕಾಗುತ್ತಿತ್ತು.

ಅಪಾಯವು ಪ್ರತ್ಯಕ್ಷವಾದದ್ದು ‘ಎನ್‌ಎಸ್‌ಎಸ್ ಡಿಬಿ’ ಎಂಬ ಘಟಕದಲ್ಲಿ. ಬಳಕೆದಾರರ ಹೆಸರು, ಗುಂಪು ಮುಂತಾದವನ್ನು ಉದ್ದನೆಯ ಪಠ್ಯ ಕಡತದಲ್ಲಿ ಸಾಲುಸಾಲಾಗಿ ಹುಡುಕುವ ಬದಲು ಸಂಚಯದಿಂದ ಶೀಘ್ರವಾಗಿ ತರುವುದಕ್ಕೆ ಇದು ಇದ್ದಿತು. ಯಾವುದೇ ಪ್ರೋಗ್ರಾಂ ಬಳಕೆದಾರನೊಬ್ಬನ ಹೆಸರನ್ನು ವಿಚಾರಿಸಿದೊಡನೆ, ವ್ಯವಸ್ಥಾಪಕನ ಪಟ್ಟಿಯಲ್ಲಿ ಇದರ ಹೆಸರಿದ್ದರೆ, ಈ ಘಟಕವೂ ಇದರ ಬೆನ್ನಿಗೆ ಬರ್ಕ್ಲಿ ಡಿಬಿಯೂ ಆ ಪ್ರೋಗ್ರಾಮಿನೊಳಕ್ಕೆ ಸದ್ದಿಲ್ಲದೆ ಬಂದು ಸೇರುತ್ತಿದ್ದವು. ಆ ಪ್ರೋಗ್ರಾಂ ತನ್ನ ಸ್ವಂತ ಕೆಲಸಕ್ಕೆ ಮೂರನೆಯ ಸರಣಿಯನ್ನು ಬಳಸುತ್ತಿದ್ದರೆ ಒಂದೇ ಮನೆಯಲ್ಲಿ ಒಂದೇ ಹೆಸರಿನ ಇಬ್ಬರು. ಒಬ್ಬನನ್ನು ಕರೆದರೆ ಇನ್ನೊಬ್ಬ ಓಗೊಡುವ ಸಂಭವ. ಪರಿಣಾಮವಾಗಿ ತಪ್ಪೇ ಮಾಡದ ಪ್ರೋಗ್ರಾಂ ಕುಸಿದು ಬೀಳುತ್ತಿತ್ತು. ಲೈಬ್ರರಿಯ ಒಳಹೆಸರುಗಳಿಗೆಲ್ಲ ಆವೃತ್ತಿಯ ಬಾಲವನ್ನು ಜೋಡಿಸುವ ಸೌಲಭ್ಯವನ್ನು ಬರ್ಕ್ಲಿ ಡಿಬಿಯವರು ಮುಂದೆ ಒದಗಿಸಿದ್ದೇ ಈ ಬಗೆಯ ತೊಡಕು ಎಷ್ಟು ವ್ಯಾಪಕವಾಗಿತ್ತೆಂಬುದಕ್ಕೆ ಸಾಕ್ಷಿ.

ಈ ಹಿನ್ನೆಲೆಯಲ್ಲಿ 2.2ರ ನಿರ್ಧಾರವನ್ನು ನೋಡಬೇಕು. ಬರ್ಕ್ಲಿ ಡಿಬಿ ಹೊರಹೋಯಿತು; ಎನ್‌ಎಸ್‌ಎಸ್ ಡಿಬಿ ಪ್ರತ್ಯೇಕ ಪೊಟ್ಟಣವಾಯಿತು. ಇದರಿಂದ ಹಂಚಿಕೆದಾರರಿಗೆ ತೊಂದರೆಯಾಯಿತೆಂಬುದನ್ನು ಅಲ್ಲಗಳೆಯುವಂತಿಲ್ಲ; ಭಾರವು ಇಳಿಯಲಿಲ್ಲ, ಹೆಗಲು ಬದಲಾಯಿತು. ಆದರೂ ಮಾತನ್ನು ಉಳಿಸಿಕೊಳ್ಳಲಾರದ ಕಡೆ ಮಾತು ಕೊಡದಿರುವುದೇ ಲೇಸೆಂದು ಅವರು ತೀರ್ಮಾನಿಸಿದ್ದು ಸರಿಯೆಂದೇ ನಾವು ಭಾವಿಸುತ್ತೇವೆ. ತಪ್ಪಿದ್ದರೆ ಅದು 2000ದಲ್ಲಿ ತೆಗೆದುದರಲ್ಲಲ್ಲ, 1999ರಲ್ಲಿ ಚಲಿಸುತ್ತಿದ್ದ ಸರಣಿಯನ್ನು ಒಳಗೆ ಬಿಟ್ಟುಕೊಂಡುದರಲ್ಲಿ.

ಬೇರೆ ಮಾರ್ಗವೂ ಇತ್ತು. ಫ್ರೀಬಿಎಸ್‌ಡಿಯವರು 1.85ನ್ನು ತಮ್ಮ ಸಿ ಲೈಬ್ರರಿಯೊಳಗೆ ಹಾಗೆಯೇ ನಿಲ್ಲಿಸಿಕೊಂಡರು. ಅವರ ಬಳಕೆದಾರರ ಸಂಚಯ ಅದರಲ್ಲಿಯೇ ಉಳಿಯಿತು. ಬೆಳವಣಿಗೆಯನ್ನು ಬಿಟ್ಟುಕೊಟ್ಟು ಸ್ಥಿರತೆಯನ್ನು ಕೊಂಡ ವ್ಯಾಪಾರವಿದು. ಎರಡನೆಯ ಸರಣಿಯನ್ನು ಬೇಡಿದ ನೆಟ್‌ಸ್ಕೇಪಿನ ವಂಶದ ಬ್ರೌಸರುಗಳೇ ತಮ್ಮ ಪ್ರಮಾಣಪತ್ರಗಳನ್ನು 1.85ರಿಂದ ಬಂದ ರೂಪದಲ್ಲಿ ಇಟ್ಟುಕೊಂಡಿದ್ದು, 2018ರಲ್ಲಿ ಫೈರ್‌ಫಾಕ್ಸ್ ಎಸ್‌ಕ್ಯೂಲೈಟಿಗೆ ಹೋಗುವವರೆಗೆ ಅದನ್ನು ಬಿಡಲಿಲ್ಲವೆಂಬುದು ಸ್ವಾರಸ್ಯದ ಸಂಗತಿ.

ಸ್ಲೀಪಿಕ್ಯಾಟ್ 2006ರಲ್ಲಿ ಒರಾಕಲ್ ಸಂಸ್ಥೆಯ ವಶವಾಯಿತು. 2013ರಲ್ಲಿ 6.0ರ ಪರವಾನಗಿ ಬದಲಾದಾಗ ಡೆಬಿಯನ್ನಿನಂತಹವರು 5.3ರಲ್ಲಿಯೇ ನಿಂತರು. ಅಷ್ಟರಲ್ಲಿ ಎನ್‌ಎಸ್‌ಎಸ್ ಡಿಬಿ ಗ್ನೂ ಸಿ ಲೈಬ್ರರಿಯ ಮನೆಗೆ ಮರಳಿತ್ತು. 2012ರ 2.15ರಲ್ಲಿ ಅದು ಹೊಸದಾಗಿ ಬರೆಯಲ್ಪಟ್ಟು ಬಂದಿತು. ಬರ್ಕ್ಲಿ ಡಿಬಿಯ ಸಹಾಯವನ್ನು ಬೇಡದೆ, ಪಠ್ಯ ಕಡತದಿಂದ ಒಮ್ಮೆ ರಚಿಸಿ ಬಳಿಕ ಓದುವುದಕ್ಕಷ್ಟೇ ಬಳಸುವ ಸ್ವಂತದ ಸರಳ ರೂಪವೊಂದನ್ನು ಅದು ತಾಳಿತ್ತು.