ಕಡ್ಡಾಯವಾಗಿದ್ದು ಶಾಲೆಯೋ, ಶಿಕ್ಷಣವೋ?

ಇಂಗ್ಲೆಂಡಿನ 1870ರ ಶಿಕ್ಷಣ ಕಾಯ್ದೆ ಸ್ಕೂಲ್ ಬೋರ್ಡುಗಳಿಗೆ ಹಾಜರಾತಿ ಕಡ್ಡಾಯ ಮಾಡುವ ಅಧಿಕಾರ ಕೊಟ್ಟಾಗಲೇ, ಯಾವ ಮಕ್ಕಳನ್ನು ಬಿಡಬಹುದು ಎಂಬುದನ್ನೂ ಹೇಳಿತ್ತು. ಮಗು ಬೇರೆ ರೀತಿಯಲ್ಲಿ ತಕ್ಕ ಶಿಕ್ಷಣ ಪಡೆಯುತ್ತಿದ್ದರೆ, ಕಾಯಿಲೆ ಬಿದ್ದಿದ್ದರೆ ಅಥವಾ ಗೊತ್ತುಪಡಿಸಿದ ದೂರದೊಳಗೆ ಶಾಲೆಯೇ ಇಲ್ಲದಿದ್ದರೆ ಪಾಲಕರ ಮೇಲೆ ತಪ್ಪು ಹೊರಿಸುವಂತಿರಲಿಲ್ಲ. ಹತ್ತು ವರ್ಷ ದಾಟಿದ ಮಗು ನಿಗದಿತ ತರಗತಿಯ ಮಟ್ಟ ಮುಟ್ಟಿದೆಯೆಂದು ಇನ್ಸ್‌ಪೆಕ್ಟರ್ ಬರೆದುಕೊಟ್ಟರೆ, ಪೂರ್ತಿಯಾಗಿಯೋ ಭಾಗಶಃವೋ ಬಿಡುಗಡೆ ಪಡೆದು ಕೆಲಸಕ್ಕೆ ಹೋಗಬಹುದಿತ್ತು. ಒಂದೇ ಕಾಯ್ದೆಯಲ್ಲಿದ್ದರೂ ಇವುಗಳ ಗುರಿ ಒಂದೇ ಆಗಿರಲಿಲ್ಲ. ಬೇರೆಡೆ ಕಲಿಯುವ ಮಗುವಿಗೆ ಕೊಟ್ಟ ವಿನಾಯಿತಿ ಕಲಿಕೆಯನ್ನು ಕಾಯುತ್ತಿತ್ತು. ಕೆಲಸಕ್ಕಾಗಿ ಕೊಟ್ಟದ್ದು ಕಲಿಕೆಯನ್ನು ಮೊಟಕುಗೊಳಿಸುತ್ತಿತ್ತು. ಮುಂದಿನ ನೂರು ವರ್ಷಗಳಲ್ಲಿ ಯಾವುದು ಉಳಿಯಿತು, ಯಾವುದು ಅಳಿಯಿತು ಎಂಬುದಕ್ಕೆ ಈ ವ್ಯತ್ಯಾಸವೇ ಕಾರಣ.

ಲಂಕಾಶೈರಿನ ಹತ್ತಿ ಗಿರಣಿಗಳಲ್ಲಿ ಮಕ್ಕಳು ಅರ್ಧ ದಿನ ದುಡಿದು ಉಳಿದರ್ಧ ದಿನ ಶಾಲೆಗೆ ಬರುತ್ತಿದ್ದರು. 1876ರ ಕಾಯ್ದೆಯಂತೂ ಪರೀಕ್ಷೆಯ ಮಟ್ಟ ಮುಟ್ಟದ ಮಗುವನ್ನೂ ಬರೀ ಹಾಜರಾತಿ ನೋಡಿ ಕೆಲಸಕ್ಕೆ ಬಿಡುತ್ತಿತ್ತು. ಜನ ಅದನ್ನು ದಡ್ಡರ ಪಾಸು ಎಂದು ಹಾಸ್ಯ ಮಾಡಿದರು. ಮಗುವಿನ ಕೂಲಿಯನ್ನೇ ನೆಚ್ಚಿದ ಮನೆಗೆ ಇಂಥ ವಿನಾಯಿತಿಯನ್ನು ತಪ್ಪಿಸುವುದು ಅನ್ಯಾಯವಲ್ಲವೇ ಎಂಬ ಆಕ್ಷೇಪ ಹುರುಳಿಲ್ಲದ್ದಲ್ಲ. ಗಿರಣಿ ಕಾರ್ಮಿಕರ ಸಂಘಗಳೇ ಹಾಗೆ ವಾದಿಸಿದ್ದವು. ಆದರೆ ಅದಕ್ಕೆ ಉತ್ತರ ದೊಡ್ಡವರ ಕೂಲಿ ಹೆಚ್ಚಿಸುವುದರಲ್ಲಿತ್ತೇ ಹೊರತು ಮಗುವಿನ ಓದು ಕಡಿತಗೊಳಿಸುವುದರಲ್ಲಲ್ಲ. ಶಾಲೆ ಬಿಡಬಹುದಾದ ಕನಿಷ್ಠ ವಯಸ್ಸು 1893ರಲ್ಲಿ 11ಕ್ಕೂ 1899ರಲ್ಲಿ 12ಕ್ಕೂ ಏರಿತು. 14 ತುಂಬುವವರೆಗೆ ಕೆಲಸದ ವಿನಾಯಿತಿಯೇ ಇಲ್ಲ ಎಂದು 1918ರ ಶಿಕ್ಷಣ ಕಾಯ್ದೆ ತೀರ್ಮಾನಿಸಿತು.

ಬೇರೆ ರೀತಿಯ ಶಿಕ್ಷಣಕ್ಕೆ ಮಾತ್ರ ಜಾಗ ಉಳಿಯಿತು. ಮಗುವಿನ ವಯಸ್ಸು, ಸಾಮರ್ಥ್ಯ, ಒಲವಿಗೆ ತಕ್ಕ ಪೂರ್ಣಾವಧಿ ಶಿಕ್ಷಣವನ್ನು ಶಾಲೆಯಲ್ಲಾಗಲಿ ಇನ್ನೊಂದು ಬಗೆಯಲ್ಲಾಗಲಿ ಕೊಡಿಸುವುದು ಪಾಲಕರ ಹೊಣೆ ಎಂದಿತು 1944ರ ಕಾಯ್ದೆಯ 36ನೇ ಕಲಂ. 1996ರ ಕಾಯ್ದೆಯ 7ನೇ ಕಲಂ ಅದನ್ನೇ ಮುಂದುವರಿಸಿತು. ಇದು ಮನೆಗೆ ಶಿಕ್ಷಕಿಯರನ್ನು ಇಟ್ಟುಕೊಳ್ಳಬಲ್ಲ ಸಿರಿವಂತರ ಅನುಕೂಲವಲ್ಲವೇ? ಮೂಲದಲ್ಲಿ ಅನುಕೂಲವಾದದ್ದು ಅವರಿಗೇ ಹೆಚ್ಚು. ಆದರೆ ಕಾಯ್ದೆ ಕೇಳಿದ್ದು ಕಲಿಕೆಯನ್ನು, ಆಸ್ತಿಯನ್ನಲ್ಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಮನೆಯೊಳಗಿನ ಮಗು ನಿಜಕ್ಕೂ ಕಲಿಯುತ್ತಿದೆಯೇ ಎಂದು ನೋಡುವವರು ಯಾರು? ಸಂಶಯ ಬಂದರೆ ಪಾಲಕರಿಂದ ವಿವರಣೆ ಕೇಳಿ, ಅದು ತೃಪ್ತಿಕರವಾಗದಿದ್ದರೆ ಶಾಲೆಗೆ ಸೇರಿಸಲು ಆದೇಶಿಸುವ ಅಧಿಕಾರವನ್ನು 1944ರ ಕಾಯ್ದೆಯೇ ಸ್ಥಳೀಯ ಆಡಳಿತಕ್ಕೆ ಕೊಟ್ಟಿತ್ತು. ಆದರೆ ಎಂದೂ ಶಾಲೆಗೆ ಸೇರದ ಮಗುವಿನ ವಿಷಯ ತಿಳಿಸಬೇಕೆಂಬ ಹೊಣೆಯನ್ನು ಅದು ಪಾಲಕರ ಮೇಲೆ ಹಾಕಲಿಲ್ಲ. ಇದ್ದಾರೆಂದೇ ಗೊತ್ತಿಲ್ಲದ ಮಕ್ಕಳ ಬಗ್ಗೆ ಸಂಶಯ ಹುಟ್ಟುವುದಾದರೂ ಹೇಗೆ? ಆದ್ದರಿಂದ ಮನೆಶಿಕ್ಷಣದ ಹಕ್ಕನ್ನು ಸಮರ್ಥಿಸುವವರೇ ಇಂಥ ಮಕ್ಕಳ ನೋಂದಣಿಯನ್ನು ಒಪ್ಪಬೇಕು. ಶಿಕ್ಷಣ ನಡೆಯುತ್ತಿದೆ ಎಂಬುದೇ ಆ ಹಕ್ಕಿನ ಆಧಾರವಾಗಿರುವಾಗ, ಅದನ್ನು ತೋರಿಸುವ ಹೊಣೆಯಿಂದಲೂ ವಿನಾಯಿತಿ ಕೇಳಲಾಗದು.