ಆಯಿಲ್ ಜಾಸ್ತಿ ಹಾಕಿದರೆ ಕಳೆ ಹೊಡೆಯುವ ಮಷಿನ್ ಹೆಚ್ಚು ಬಾಳಿಕೆ ಬರುತ್ತದೆಯೇ?

ಮಳೆ ಶುರುವಾಗಿ ತೋಟದ ಹುಲ್ಲು ಮೊಳಕಾಲಿಗೆ ಬರುವ ಹೊತ್ತಿಗೆ ಕೃಷಿಕರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಲಹೆ ಮತ್ತೆ ಓಡಾಡತೊಡಗುತ್ತದೆ. ಮಾತು ಸ್ವಲ್ಪ ಹಿಂದೆ ಮುಂದೆ ಇರಬಹುದು, ಸಾರಾಂಶ ಒಂದೇ: ಕಂಪನಿಯವರು ಹೇಳುವ ಆಯಿಲ್ ಸಾಲದು, ಲೀಟರ್ ಪೆಟ್ರೋಲಿಗೆ 80ರಿಂದ 100 ಎಂ.ಎಲ್. ಹಾಕಿ, ಮಷಿನ್ ಹತ್ತು ವರ್ಷ ಬರುತ್ತದೆ, ಎಲ್ಲ ರೈತರಿಗೂ ಶೇರ್ ಮಾಡಿ.

ಶೇರ್ ಮಾಡಬೇಡಿ. ಇದು ತಪ್ಪು ಮಾಹಿತಿ. ಎಣ್ಣೆ ಹೆಚ್ಚಿದ್ದರೆ ಸವೆತ ಕಡಿಮೆ ಎಂಬುದು ಕೇಳಲು ಸರಿಯಾಗಿಯೇ ಇದೆ, ಹಾಗಾಗಿಯೇ ಎಲ್ಲರೂ ನಂಬುತ್ತಾರೆ.

ಮೊದಲು ನಿಮ್ಮದು ಯಾವ ಎಂಜಿನ್ ನೋಡಿ

ಕಳೆ ಹೊಡೆಯುವ ಮಷಿನ್‌ಗಳಲ್ಲಿ ಎರಡು ಬಗೆ. ಟೂ-ಸ್ಟ್ರೋಕ್ ಎಂಜಿನ್‌ನಲ್ಲಿ ಆಯಿಲ್‌ಗೆ ಬೇರೆ ಜಾಗವೇ ಇಲ್ಲ. ಪೆಟ್ರೋಲಿಗೆ ಬೆರೆಸಿದ ಆಯಿಲ್ ಒಳಗೆ ಹೋಗಿ ಪಿಸ್ಟನ್, ಬೇರಿಂಗ್‌ಗಳನ್ನು ಜಾರುವಂತೆ ಮಾಡಿ, ಕೊನೆಗೆ ಪೆಟ್ರೋಲಿನ ಜೊತೆ ತಾನೂ ಉರಿದುಹೋಗುತ್ತದೆ. ಫೋರ್-ಸ್ಟ್ರೋಕ್‌ನಲ್ಲಿ ಬೈಕಿನ ಹಾಗೆ ಆಯಿಲ್‌ಗೆ ಪ್ರತ್ಯೇಕ ಜಾಗ, ಪ್ರತ್ಯೇಕ ಮುಚ್ಚಳ ಸಾಮಾನ್ಯವಾಗಿ ಇರುತ್ತದೆ. ಅಂಥದ್ದರ ಟ್ಯಾಂಕಿಗೆ ಬರೀ ಪೆಟ್ರೋಲ್ ಹಾಕಬೇಕು.

ನಮ್ಮ ತಂಡದಲ್ಲೊಬ್ಬರ ಮನೆಯಲ್ಲಿ ಎಡವಟ್ಟಾದದ್ದು ಇಲ್ಲೇ. ಕೆಲಸಕ್ಕೆ ಬಂದವರು ಹಿಂದಿನ ವಾರವೆಲ್ಲ ಪಕ್ಕದ ತೋಟದಲ್ಲಿ ಫೋರ್-ಸ್ಟ್ರೋಕ್ ಮಷಿನ್ ಓಡಿಸಿದ್ದರು. ಅದೇ ಅಭ್ಯಾಸದಲ್ಲಿ ಇವರ ಟೂ-ಸ್ಟ್ರೋಕ್ ಮಷಿನ್‌ಗೂ ಬರೀ ಪೆಟ್ರೋಲ್ ತುಂಬಿದರು. ಸ್ವಲ್ಪ ಹೊತ್ತು ಚೆನ್ನಾಗಿಯೇ ಓಡಿತಂತೆ. ಆಮೇಲೆ ಸದ್ದು ಬದಲಾಗಿ ಒಮ್ಮೆಲೇ ನಿಂತಿತು, ಹಗ್ಗ ಎಳೆದರೆ ಅಲುಗಾಡಲಿಲ್ಲ. ಪಿಸ್ಟನ್ ಜಾಮ್. ಅವರದ್ದು ತಪ್ಪು ಎನ್ನಲೂ ಆಗದು, ಶೆಡ್‌ನಲ್ಲಿದ್ದ ಎರಡೂ ಕ್ಯಾನ್‌ಗಳು ಒಂದೇ ಬಣ್ಣದವು, ಯಾವುದರ ಮೇಲೂ ಏನೂ ಬರೆದಿರಲಿಲ್ಲ. ಈಗ ಒಂದರ ಮೇಲೆ ದಪ್ಪಕ್ಷರದಲ್ಲಿ 'ಮಿಕ್ಸ್' ಎಂದೂ ಬೆರೆಸಿದ ದಿನಾಂಕವೂ ಇದೆ.

ಹಾಗಾದರೆ ಎಷ್ಟು ಆಯಿಲ್?

ಕೈಪಿಡಿಯಲ್ಲಿ ಬರೆದಷ್ಟು. 50:1 ಎಂದಿದ್ದರೆ 1 ಲೀಟರ್ ಪೆಟ್ರೋಲಿಗೆ 20 ಎಂ.ಎಲ್., 25:1 ಎಂದಿದ್ದರೆ 40 ಎಂ.ಎಲ್. ಕೆಲವು ಕೈಪಿಡಿಗಳಲ್ಲಿ ಎರಡೂ ಇರುತ್ತವೆ. ಕಂಪನಿಯದೇ ಆಯಿಲ್ ಆದರೆ 50:1, ಬೇರೆ 2ಟಿ ಆಯಿಲ್ ಆದರೆ 25:1 ಎಂದು. ಇದನ್ನು ನೋಡಿಯೇ ಹಲವರಿಗೆ ಗೊಂದಲ. ಕಣ್ಣಂದಾಜು ಬೇಡ, ಮೆಡಿಕಲ್ ಶಾಪಿನಲ್ಲಿ ಸಿಗುವ ಸೂಜಿಯಿಲ್ಲದ 20 ಎಂ.ಎಲ್. ಸಿರಿಂಜ್ ಒಂದನ್ನು ಇದಕ್ಕೆಂದೇ ಇಟ್ಟುಕೊಳ್ಳಿ.

100 ಎಂ.ಎಲ್. ಹಾಕಿದರೆ ಏನಾಗುತ್ತದೆ? ಉರಿಯದೆ ಉಳಿದ ಆಯಿಲ್ ಮಸಿಯಾಗಿ ಪಿಸ್ಟನ್ ತಲೆ, ಸೈಲೆನ್ಸರ್, ಪ್ಲಗ್ ಮೇಲೆ ಕೂರುತ್ತದೆ. ಹೊಗೆ ಹೆಚ್ಚಿ ಶಕ್ತಿ ಕಡಿಮೆಯಾಗುತ್ತದೆ. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ ಇನ್ನೊಂದಿದೆ. ಕಾರ್ಬುರೇಟರ್‌ನ ಸಣ್ಣ ತೂತಿನಲ್ಲಿ ಹೆಚ್ಚುಕಡಿಮೆ ಒಂದೇ ಪ್ರಮಾಣದ ದ್ರವ ಹೋಗುತ್ತದೆ. ಅದರಲ್ಲಿ ಆಯಿಲ್ ಹೆಚ್ಚಾದಷ್ಟೂ ಪೆಟ್ರೋಲ್ ಕಡಿಮೆ, ಗಾಳಿ ಮಾತ್ರ ಅಷ್ಟೇ. ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆಯಾದ ಎಂಜಿನ್ ಹೆಚ್ಚು ಬಿಸಿಯಾಗುತ್ತದೆ. ಅಂದರೆ ತಂಪಾಗಿರಲಿ ಎಂದು ಸುರಿದ ಆಯಿಲ್ ಎಂಜಿನ್ನನ್ನು ಕಾಯಿಸಲೂಬಹುದು.

ಬೈಕಿಗೆ ಹಾಕುವ 20ಡಬ್ಲ್ಯೂ-40 ಆಯಿಲ್ ಬೆರೆಸಬಹುದೇ ಎಂದೂ ಕೇಳುತ್ತಾರೆ. ಬೇಡ. ಅದು ಎಂಜಿನ್ನಿನ ಒಳಗೇ ಉಳಿದು ಕೆಲಸ ಮಾಡಲು ಮಾಡಿದ್ದು, ಉರಿದು ಹೋಗಲು ಅಲ್ಲ. ಉರಿದರೆ ಬೂದಿ ಕಟ್ಟುತ್ತದೆ. ಸರ್ವಿಸ್‌ನಲ್ಲಿ ತೆಗೆದ ಹಳೆ ಆಯಿಲ್ ಸೋಸಿ ಹಾಕುವ ಐಡಿಯಾವಂತೂ ಬಿಟ್ಟೇಬಿಡಿ.

ಇ20 ಪೆಟ್ರೋಲಿನಿಂದ ಮಷಿನ್ ಹಾಳಾಗುತ್ತಿದೆಯೇ?

ಇ20 ಎಂದರೆ ಶೇ 20 ಎಥನಾಲ್ ಇರುವ ಪೆಟ್ರೋಲ್. ಇದನ್ನು ದೇಶದಲ್ಲಿ ಮೊದಲು ಬಿಡುಗಡೆ ಮಾಡಿದ್ದು 2023ರ ಫೆಬ್ರವರಿಯಲ್ಲಿ, ನಮ್ಮ ಬೆಂಗಳೂರಿನಲ್ಲೇ. ಎಥನಾಲ್ ತಳಕ್ಕಿಳಿದು ನೀರಾಗುತ್ತದೆ ಎಂಬ ವಿಡಿಯೋಗಳಲ್ಲಿ ಅರ್ಧ ಸತ್ಯವಿದೆ. ಎಥನಾಲ್ ತಾನಾಗಿ ಬೇರೆಯಾಗುವುದಿಲ್ಲ, ನೀರಾಗಿ ಬದಲಾಗುವುದೂ ಇಲ್ಲ. ಆದರೆ ಅದಕ್ಕೆ ನೀರೆಂದರೆ ಪ್ರೀತಿ. ಮುಚ್ಚಳ ಸಡಿಲವಿದ್ದ ಕ್ಯಾನ್‌ಗೆ ಮಳೆನೀರು ಸೇರಿದರೆ, ಒಂದು ಮಿತಿ ದಾಟಿದ ಮೇಲೆ ನೀರೂ ಎಥನಾಲೂ ಒಟ್ಟಾಗಿ ತಳ ಸೇರುತ್ತವೆ. ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಟ್ಯಾಂಕಿನ ಫಿಲ್ಟರ್ ಇಂಧನ ಹೀರುವುದು ತಳದಿಂದ, ಅಲ್ಲಿರುವುದೋ ಆಯಿಲ್ ಇಲ್ಲದ ನೀರು-ಎಥನಾಲ್.

ಹಲವು ಮಷಿನ್‌ಗಳ ಕೈಪಿಡಿಯಲ್ಲಿ ಶೇ 10ರವರೆಗಿನ ಎಥನಾಲ್‌ಗೆ ಮಾತ್ರ ಒಪ್ಪಿಗೆಯಿದೆ. ಹಳೆಯ ರಬ್ಬರ್ ಪೈಪು, ಕಾರ್ಬುರೇಟರ್‌ನ ತೆಳು ಪದರ ಗಟ್ಟಿಯಾಗುವುದೋ ಉಬ್ಬುವುದೋ ಆಗಬಹುದು. ಬಂಕ್‌ನಲ್ಲಿ ಬೇರೆ ಆಯ್ಕೆ ಸಿಗುವುದು ಕಷ್ಟ, ಹಾಗಾಗಿ ನಮ್ಮ ಕೈಲಿರುವುದು ಇಷ್ಟು: ಒಂದೆರಡು ವಾರಕ್ಕೆ ಬೇಕಾದಷ್ಟೇ ಬೆರೆಸುವುದು, ಕ್ಯಾನ್ ಬಿಗಿಯಾಗಿ ಮುಚ್ಚುವುದು, ಹಂಗಾಮು ಮುಗಿದಾಗ ಟ್ಯಾಂಕ್ ಖಾಲಿ ಮಾಡಿ ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸುವುದು. ಕಳೆದ ವರ್ಷದ ಮಿಕ್ಸ್ ಈ ವರ್ಷಕ್ಕೆ ಆಗುವುದಿಲ್ಲ. ಮಳೆಗಾಲದ ಆರಂಭದಲ್ಲಿ ಸ್ಟಾರ್ಟ್ ಆಗದ ಮಷಿನ್ ಕಂಡರೆ ಮೊದಲ ಅನುಮಾನ ಅದರ ಮೇಲೇ ಇರಲಿ.

ಹಾಗೆ ಖಾಲಿ ಮಾಡುವಾಗ ಪೈಪ್ ಹಾಕಿ ಬಾಯಲ್ಲಿ ಪೆಟ್ರೋಲ್ ಎಳೆಯಬೇಡಿ. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೂ ಗಂಭೀರ ನ್ಯುಮೋನಿಯಾ ಆಗಬಹುದು. ಯಾರಾದರೂ ನುಂಗಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ವಾಂತಿಯ ಹೊತ್ತಿಗೇ ಅದು ಶ್ವಾಸನಾಳಕ್ಕೆ ಹೋಗುವ ಅಪಾಯ ಹೆಚ್ಚು. ಕೆಮ್ಮು ಇಲ್ಲದಿದ್ದರೂ ನೇರ ಆಸ್ಪತ್ರೆಗೆ ಕರೆದೊಯ್ಯಿರಿ.

ಸ್ಟಾರ್ಟ್ ಆಗದಿದ್ದರೆ

ಹೊಸ ಮಿಕ್ಸ್ ಹಾಕಿಯೂ ಆಗದಿದ್ದರೆ ಪ್ಲಗ್ ಬಿಚ್ಚಿ ನೋಡಿ, ಅದು ಬಹಳಷ್ಟು ಹೇಳುತ್ತದೆ. ಒದ್ದೆಯಿದ್ದರೆ ಪೆಟ್ರೋಲ್ ತುಂಬಿಕೊಂಡಿದೆ, ಚೋಕ್ ಹಾಕಿಕೊಂಡೇ ಹಗ್ಗ ಎಳೆದಿರುತ್ತೀರಿ. ಬಟ್ಟೆಯಲ್ಲಿ ಒರೆಸಿ, ಒಣಗಲು ಬಿಟ್ಟು, ಚೋಕ್ ತೆಗೆದು ಎಳೆಯಿರಿ. ಪೂರ್ತಿ ಒಣಗಿದ್ದರೆ ಪೆಟ್ರೋಲ್ ಬರುತ್ತಲೇ ಇಲ್ಲ, ಟ್ಯಾಂಕಿನೊಳಗಿನ ಫಿಲ್ಟರ್, ಪೈಪ್ ನೋಡಿ. ಕಪ್ಪಗೆ ಜಿಡ್ಡಾಗಿದ್ದರೆ ಆಯಿಲ್ ಹೆಚ್ಚಾಗಿದೆ ಅಥವಾ ಏರ್ ಫಿಲ್ಟರ್ ಕಟ್ಟಿದೆ. ಬೆಳ್ಳಗೆ ಸುಟ್ಟಂತಿದ್ದರೆ ಮಷಿನ್ ನಿಲ್ಲಿಸಿ ಮೆಕ್ಯಾನಿಕ್‌ಗೆ ತೋರಿಸಿ, ಎಂಜಿನ್ ಅತಿಯಾಗಿ ಕಾಯುತ್ತಿದೆ. ಒದ್ದೆ ಪ್ಲಗ್ಗನ್ನು ಗ್ಯಾಸ್ ಒಲೆಯ ಮೇಲೆ ಕಾಯಿಸುವ ಪದ್ಧತಿ ನಮ್ಮಲ್ಲಿ ಬಹಳ ಕಡೆ ಇದೆ. ಪೆಟ್ರೋಲ್ ಮೆತ್ತಿದ ಕೈ, ಬಟ್ಟೆಯೊಂದಿಗೆ ಅಡುಗೆಮನೆಗೆ ಹೋಗುವುದು ಬೇಡವೇ ಬೇಡ.

ಐದತ್ತು ನಿಮಿಷ ಓಡಿ ನಿಲ್ಲುತ್ತದೆ, ಸ್ವಲ್ಪ ಬಿಟ್ಟರೆ ಮತ್ತೆ ಓಡುತ್ತದೆಯೇ? ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ಒಂದು ಸುತ್ತು ಸಡಿಲಿಸಿ ಮತ್ತೆ ಎಳೆಯಿರಿ. ಆಗ ಹತ್ತಿಕೊಂಡರೆ ಮುಚ್ಚಳದಲ್ಲಿ ಗಾಳಿ ಹೋಗುವ ಸಣ್ಣ ದಾರಿ ಕಟ್ಟಿದೆ ಎಂದರ್ಥ. ನೂರಾರು ರೂಪಾಯಿ ಕೊಟ್ಟು ಕಾರ್ಬುರೇಟರ್ ಬಿಚ್ಚಿಸುವ ಮೊದಲು ಇದೊಂದನ್ನು ನೋಡಿ.

ಸ್ಪಂಜಿನ ಏರ್ ಫಿಲ್ಟರ್ ಆದರೆ ಸೋಪು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಿ. ಕಾಗದದ್ದಾದರೆ ಮೆಲ್ಲಗೆ ಕೊಡವಿ, ತೊಳೆಯಬೇಡಿ. ಸ್ಟಾರ್ಟ್ ಆದರೂ ಎಳೆಯುವ ಶಕ್ತಿ ಇಲ್ಲವೆಂದರೆ ಸೈಲೆನ್ಸರ್ ಬಾಯಿಯ ಜಾಲರಿಯಲ್ಲಿ ಮಸಿ ಕಟ್ಟಿರಬಹುದು, 100 ಎಂ.ಎಲ್. ಸಲಹೆ ಪಾಲಿಸಿದವರು ಇಲ್ಲಿಂದಲೇ ಶುರು ಮಾಡಿ.

ಬ್ಲೇಡಿಗೆ ಸುತ್ತಿದ ಹುಲ್ಲು ಬಿಡಿಸುವ ಮೊದಲು ಎಂಜಿನ್ ಆಫ್ ಮಾಡಿದರೆ ಸಾಲದು, ಪ್ಲಗ್‌ನ ಕ್ಯಾಪ್ ಕೂಡ ಕಿತ್ತಿಡಿ. ಪೆಟ್ರೋಲ್ ತುಂಬುವುದು ಎಂಜಿನ್ ತಣಿದ ಮೇಲೆ, ಸ್ಟಾರ್ಟ್ ಮಾಡುವುದು ತುಂಬಿದ ಜಾಗದಿಂದ ನಾಲ್ಕು ಹೆಜ್ಜೆ ಆಚೆ. ಮುಚ್ಚಿದ ಶೆಡ್ಡಿನೊಳಗೆ ಓಡಿಸಿ ನೋಡಬೇಡಿ, ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ. ಬ್ಲೇಡ್ ತಾಗಿ ಹಾರುವ ಕಲ್ಲಿಗೆ ಮಾಮೂಲಿ ಕನ್ನಡಕ ತಡೆಯಲ್ಲ, ಬದಿಗಳೂ ಮುಚ್ಚುವ ಗಾಗಲ್ ಬೇಕು, ಮನೆಯವರಿಗೂ ಕೆಲಸಕ್ಕೆ ಬರುವವರಿಗೂ. ಅಷ್ಟಾಗಿಯೂ ಕಣ್ಣಿಗೆ ಏನಾದರೂ ಚುಚ್ಚಿಕೊಂಡರೆ ಉಜ್ಜಬೇಡಿ, ಎಳೆದು ತೆಗೆಯಲೂ ಹೋಗಬೇಡಿ. ಮೇಲೆ ಒತ್ತಡ ಬೀಳದಂತೆ ಒಂದು ಕಾಗದದ ಲೋಟ ಅಡ್ಡ ಹಿಡಿದು ಕಣ್ಣಿನ ಡಾಕ್ಟರ ಬಳಿಗೆ ಹೊರಡಿ.